ಕಮಲಾಪುರದ ಕೆಂಪು ಬಾಳೆ

ನಿಜಾಮರ ಕಾಲದ ಮಾತು. ಕಲಬುರಗಿಯಲ್ಲಿ ಚಿತ್ರ, ಫೋಟೋಗಳ ಪ್ರದರ್ಶನ ನೋಡಿ ಹೊರಬಂದ ಕಮಲಾಪುರದ ದಂಪತಿ ನನ್ನ ಪಕ್ಕದಲ್ಲೇ ಮೋಟಾರಿಗೆ ಕಾಯುತ್ತಿದ್ದರು.

“ಚಿತ್ರದಾಗ ನಮ್ಮ ತೋಟದ ಕೆಂಪ ಬಾಳಿಗೊನಿಗೆ ಹಳದಿ ಬಣ್ಣ ಬಳದಾನಲ್ರೀ ನನ್ನ ತಮ್ಮ!”

“ಶಹರದ ಮಂದಿ ಕೆಂಪ ಬಾಳಿಹಣ್ಣ ನಂಬೂದಿಲ್ಲಂತ, ಮಾಳಮ್ಮ.”

“ಅದನ್ನ ತಿಂದೇ ಬೆಳದಾನ. ಅವನರೆ ನಂಬಬೇಕಿಲ್ಲೇನು?”

“ಮೆಲ್ಲಕ ಮಾತಾಡು. ಮಂದಿ ಕೇಳಾಕತ್ತಾರ.”

“ಕೇಳ್ಲಿ! ಬಾಜೂಕ ಹಚ್ಚಿದ ಅದೇ ಗೊನಿ ಫೋಟೋದಾಗ ಬಣ್ಣನೇ ಇಲ್ಲ. ಆದ್ರೂ ಅದು ಸುಳ್ಳ ಹೇಳಿಲ್ಲ.”

“ಆಗಿದ್ದಾತು. ಮೋಟಾರ ಬಂತು, ಹತ್ತು.”

“ಹತ್ತತೀನ್ರೀ. ನಾಳಿಗೆ ಹಣ್ಣಾದ ಗೊನಿ ಹೊತಗೊಂಡ ಬಂದು ಆ ಚಿತ್ರದ ಮುಂದ ಇಡ್ತೀನಿ. ನೋಡಾಕ ಬಂದವರ ಕೈಯಾಗ ಒಂದೊಂದು ಹಣ್ಣ ಅವನೇ ಇಡಬೇಕು!”

ಗಂಡ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆ ಮೋಟಾರು ಹತ್ತಿ ಕುಳಿತಿದ್ದಳು.