ಮೊದಲ ಅಕ್ಷರ ಬಿಟ್ಟು ಓದಿದರೆ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಒಬ್ಬ ವಿಜ್ಞಾನದ ಮೇಷ್ಟ್ರು ಊದಿದ ಕೆನ್ನೆ ಹಿಡಿದು ಕೂತಿದ್ದರು. ಅವರಾಚೆ ಅವರ ಹೆಂಡತಿ.

"ನಿಜ ಹೇಳಿ. ಕ್ಲಾಸಲ್ಲಿ ಏನು ಹುಡುಕಿದ್ರಿ?"

"ಸಸ್ತನಿ ಪ್ರಾಣಿಗಳ ವಿಡಿಯೊ ಕಣೆ."

"ಅಷ್ಟಕ್ಕೇ ಹೆಡ್‌ಮಾಸ್ಟ್ರು ಕರೆಸಿದ್ರಾ?"

"ಸ್ಕೂಲುಗಳಲ್ಲಿ ವಿಡಿಯೊ ಹುಡುಕೋಕೆ ಹೊಸ ವ್ಯವಸ್ಥೆ ಟ್ರಯಲ್ ನೋಡ್ತಿದಾರೆ. ಜಾಹೀರಾತು ಬರಲ್ಲ, ಮಕ್ಕಳು ನೋಡಬಾರದ್ದೂ ಬರಲ್ಲ. ಕೆಟ್ಟ ಪದ ಕಂಡ್ರೆ ಅಲ್ಲೇ ತಡೆದು, ಟೈಪ್ ಮಾಡಿದವರ ಹೆಸರು ಹೆಡ್‌ಮಾಸ್ಟ್ರಿಗೆ ಕಳಿಸಿಬಿಡುತ್ತೆ."

"ಸಸ್ತನೀಲಿ ಕೆಟ್ಟದ್ದೇನಿದೆ?"

"ಮೊದಲ ಅಕ್ಷರ ಬಿಟ್ಟು ಓದು."

ಆಕೆ ತುಟಿಯಲ್ಲೇ ಓದಿಕೊಂಡು, ಸೆರಗು ಸರಿಮಾಡಿಕೊಂಡರು.

"ಮಷೀನಿಗೆ ಅಷ್ಟೇ ಕಂಡಿದ್ದು."

"ಮಷೀನಿಗೋ, ನಿಮಗೋ?"

ನರ್ಸ್ ಕರೆದಳು. ಮೇಷ್ಟ್ರು ಎದ್ದು ಒಳಗೆ ನಡೆದರು. ಬೆನ್ನ ಹಿಂದೆಯೇ ಆಕೆಯ ದನಿಯೂ ಹೋಯಿತು:

"ಹಸು ಅಂತ ಹುಡುಕೋಕೆ ಏನು ರೋಗ ಬಂದಿತ್ತು ನಿಮಗೆ?"