ಶಿವಮೊಗ್ಗೆಯ ಸೂಜಿ

ತ್ರಿವಿಕ್ರಮ ಬಿನ್ ಲೇಟ್ ಪುಟ್ಟಣ್ಣ, ವಯಸ್ಸು 58 ವರ್ಷ, ಖಾಸಗಿ ವೈದ್ಯ, ವಾಸ ಹಳೇನಗರ, ಭದ್ರಾವತಿ, ಆದ ನಾನು ಈ ದಿನ ಠಾಣೆಗೆ ಖುದ್ದು ಹಾಜರಾಗಿ ಬರೆಸುತ್ತಿರುವುದೇನೆಂದರೆ:

ನಾನು ಬಸ್ ನಿಲ್ದಾಣದ ಎದುರು ವೈದ್ಯ ಷಾಪು ಇಟ್ಟುಕೊಂಡಿದ್ದೇನೆ. ನೆಗಡಿ ಜ್ವರಕ್ಕೆ ಗುಳಿಗೆ, ಮಿಕ್ಸ್ಚರ್ ಕೊಡುತ್ತೇನೆ. ಹನ್ನೆರಡಾಣೆ ಆಗುತ್ತದೆ. ಶಿವಮೊಗ್ಗೆಯ ಡಾ. ಷಡಕ್ಷರಪ್ಪನವರು ಯಾವ ಕಾಯಿಲೆಗೂ ಪೆನಿಸಿಲಿನ್ ಸೂಜಿ ಹಾಕಿ, ಒಂದು ಸೀಸೆ ಟಾನಿಕ್ ಬರೆದು, ಐದು ರೂಪಾಯಿ ತೆಗೆದುಕೊಳ್ಳುತ್ತಾರೆ. ನನ್ನಲ್ಲಿಗೆ ಬರುತ್ತಿದ್ದ ಹಲವರು ಈಗ ಅಲ್ಲಿಗೆ ಹೋಗುತ್ತಾರೆ. ಅದರ ಬಗ್ಗೆ ನನ್ನ ದೂರಿಲ್ಲ.

ಹೋದ ತಿಂಗಳು ಕಾರ್ಖಾನೆಯ ಕೆಲಸಗಾರ ಹಾಲಸ್ವಾಮಿಯವರು ಹೆಂಡತಿ ಉಮಾಮಹೇಶ್ವರಿಯನ್ನು ಜ್ವರವೆಂದು ನನ್ನಲ್ಲಿಗೆ ಕರೆತಂದರು. ಗುಳಿಗೆ ಕೊಟ್ಟು, ಗಂಜಿ ಕುಡಿಸಿ ಮಲಗಿಸಿ ಎಂದೆ. ಸೂಜಿ ಹಾಕಲಿಲ್ಲವೆಂದು ಆಕೆಗೆ ಸಮಾಧಾನವಾಗಲಿಲ್ಲ. ಮರುದಿನ ಶಿವಮೊಗ್ಗೆಗೆ ಹೋದರು. ಸೂಜಿ ಹಾಕಿಸಿಕೊಂಡು ಬೆಂಚಿನ ಮೇಲೆ ಕುಳಿತವಳಿಗೆ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಅಲ್ಲಿಯೇ ತೀರಿಕೊಂಡಳು. ಜ್ವರ ನೆತ್ತಿಗೇರಿತ್ತು, ಒಂದು ದಿನ ತಡವಾಯಿತು ಎಂದು ಆ ಡಾಕ್ಟರು ಹೇಳಿದರಂತೆ. ಆ ಮದ್ದು ಮೈಗೆ ಆಗದೆ ಹೀಗಾಗಿದೆ ಎಂದು ನಾನು ಅವರ ಮನೆಗೆ ಹೋಗಿ ಹೇಳಿದೆ. ಹಾಲಸ್ವಾಮಿಯವರು ಬಾಗಿಲಲ್ಲೇ ನಿಂತು ಕೇಳಿದರು. ಒಳಗೆ ಕರೆಯಲಿಲ್ಲ.

ಈ ದಿನ ಬೆಳಿಗ್ಗೆ 9 ಗಂಟೆಗೆ ನಾನು ಷಾಪಿನ ಬಾಗಿಲು ತೆಗೆಯುತ್ತಿದ್ದಾಗ, ಹಾಲಸ್ವಾಮಿಯವರು ನಾಲ್ಕು ವರ್ಷದ ಮಗಳು ಶಾಮಲಾಳನ್ನು ಟವೆಲಿನಲ್ಲಿ ಸುತ್ತಿಕೊಂಡು ಶಿವಮೊಗ್ಗೆಯ ಬಸ್ಸಿಗೆ ಕಾಯುತ್ತಿದ್ದುದನ್ನು ಕಂಡೆ. ಹೋಗಿ ಹಣೆ ಮುಟ್ಟಿದೆ. ಬರೀ ನೆಗಡಿ. ಮಗು ನನ್ನ ಜೇಬಿನ ಪೆನ್ನು ಕಿತ್ತುಕೊಂಡು ಆಡುವಷ್ಟು ಗೆಲುವಾಗಿತ್ತು. ತಾಯಿಗೆ ಆಗದ ಮದ್ದು ಮಗುವಿಗೂ ಆಗದಿರಬಹುದು, ನನ್ನ ಔಷಧ ಬೇಡವಾದರೆ ಸರ್ಕಾರಿ ಆಸ್ಪತ್ರೆಗಾದರೂ ತೋರಿಸಿ, ಆ ಸೂಜಿ ಮಾತ್ರ ಬೇಡ ಎಂದು ಕೈಮುಗಿದೆ. ಅವರು ಸಿಟ್ಟು ಮಾಡಲಿಲ್ಲ. "ನಿಮ್ ಗುಳಿಗೆ ನಂಬ್ಕೊಂಡು ಒಂದ್ ದಿನ ಕೂತೆ, ಅವಳು ಹೋದ್ಲು. ಇವಳಿಗೂ ತಡ ಮಾಡು ಅಂತೀರಾ ಡಾಕ್ಟ್ರೇ?" ಎಂದರು. ಬಸ್ಸು ಬಂತು. ನಾನು ಮಗುವಿನ ಕಾಲು ಹಿಡಿದುಕೊಂಡೆ. ಕಂಡಕ್ಟರು "ಏನ್ ಮಾರಾಯ್ರೇ, ವಯಸ್ಸಾದೋರು ನೀವು" ಎಂದು ನನ್ನ ಕೈ ಬಿಡಿಸಿದರು. ಮಗು ನನ್ನನ್ನು ನೋಡಿ ಹೆದರಿ ಅಳುತ್ತಿತ್ತು.

9.25ಕ್ಕೆ ಈ ಠಾಣೆಗೆ ಓಡಿಬಂದು ಶಿವಮೊಗ್ಗೆಗೆ ಫೋನು ಮಾಡಿಸಲು ಕೇಳಿದೆ. ತಂದೆ ಮಗಳನ್ನು ಡಾಕ್ಟರಿಗೆ ತೋರಿಸುವುದು ಅಪರಾಧವಲ್ಲ, ಆದರೂ ನಿಮ್ಮ ಮುಖ ನೋಡಿ ಮಾಡುತ್ತೇನೆ ಎಂದು ದಫೇದಾರ್ ಚೌಡಯ್ಯನವರು ಹೇಳಿದರು. ಇಲ್ಲಿಯವರೆಗಿನದನ್ನು ಲೈನಿಗೆ ಕಾಯುತ್ತ ಬರೆಸಿದೆ. ಲೈನು ಸಿಕ್ಕಿದ್ದು 10.40ಕ್ಕೆ.

11.30ಕ್ಕೆ ಶಿವಮೊಗ್ಗೆಯಿಂದ ಮರಳಿ ಫೋನು ಬಂತು. ಅಲ್ಲಿಯ ಪೇದೆ ಹೋಗುವಷ್ಟರಲ್ಲಿ ಸೂಜಿ ಹಾಕಿ ಆಗಿತ್ತು, ಮಗುವಿಗೆ ಏನೂ ಆಗಿಲ್ಲ, ತಂದೆಯ ತೊಡೆಯ ಮೇಲೆ ಕುಳಿತು ಬನ್ನು ತಿನ್ನುತ್ತಿತ್ತು ಎಂದರು. ನಾನು ಕುಳಿತಲ್ಲೇ ಅತ್ತೆ. ಇನ್ನು ನಾಲ್ಕು ದಿನ, ದಿನಕ್ಕೊಂದು ಸೂಜಿ ಬರೆದಿದ್ದಾರೆಂಬುದೂ ಅದೇ ಫೋನಿನಲ್ಲಿ ತಿಳಿಯಿತು. ಮೊದಲ ಸಲ ಆಗಿಬಂದ ಮದ್ದು ಮುಂದಿನ ಸಲ ತಿರುಗಿಬೀಳುವುದುಂಟು ಎಂದೆ. ಚೌಡಯ್ಯನವರು ನನಗೆ ನೀರು ಕೊಟ್ಟು, "ಮಗು ಚೆನ್ನಾಗೈತಲ್ಲ, ಇನ್ಯಾಕೆ ಡಾಕ್ಟ್ರೇ, ಮನೆಗೆ ಹೋಗಿ" ಎಂದು, ಬರೆದ ಹಾಳೆಯನ್ನು ಹರಿಯಲು ಹೋದರು.

ನಾನು ಬೇಡವೆಂದೆ. ಯಾರ ಮೇಲೂ ಕ್ರಮ ಕೇಳುತ್ತಿಲ್ಲ. ಆ ನಾಲ್ಕು ಸೂಜಿ ಮುಗಿಯುವವರೆಗೆ ಈ ಕಾಗದವನ್ನು ಠಾಣೆಯಲ್ಲಿ ಇಟ್ಟುಕೊಂಡಿರಬೇಕೆಂದು ಮಾತ್ರ ಕೋರುತ್ತೇನೆ.

ಓದಿ ಹೇಳಿದ್ದನ್ನು ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಭದ್ರಾವತಿ
ದಿನಾಂಕ: 12-8-1963
(ಸಹಿ) ತ್ರಿವಿಕ್ರಮ