ಅಡುಗೆಮನೆಯ ತಕ್ಕಡಿ, ನೆಲಮಾಳಿಗೆಯ ತಕ್ಕಡಿ

ನನ್ನ ಹೆಸರು ಗುನ್‌ವೋರ್ ಬ್ರೆನ್ನಾ. ಗಂಡನ ಹೆಸರು ಓಡ್ವಾರ್ ಬ್ರೆನ್ನಾ. ವಯಸ್ಸು 61 ವರ್ಷ. ಉದ್ಯೋಗ ಶಾಲಾ ಬಸ್ಸಿನ ಚಾಲಕಿ. ವಾಸ ಲೊಮ್ಮೊಯ್ ಗ್ರಾಮ, ಓಸ್ಟರ್‌ಡಾಲ್ ಕಣಿವೆ, ನಾರ್ವೆ. ಯಾರೂ ಕರೆಸದೆ ನಾನಾಗಿಯೇ ಈ ದಿನ ಮಧ್ಯಾಹ್ನ 2 ಗಂಟೆಗೆ ಠಾಣೆಗೆ ಹಾಜರಾಗಿ, ಅಧಿಕಾರಿ ಸಿಂದ್ರೆ ಮೋಯೆನ್ ಅವರ ಎದುರು ಕುಳಿತು ಬರೆಸುತ್ತಿರುವ ಸಂಗತಿ ಹೀಗಿದೆ.

ದಿನಾಂಕ 7-9-2019ರ ಶನಿವಾರ ಬೆಳಿಗ್ಗೆ ಗುರಿ ಅಭ್ಯಾಸದ ಮೈದಾನದಲ್ಲಿ ನನ್ನ ಗಂಡನ ಕೋವಿಯ ನಳಿಗೆ ಸಿಡಿದು ಅವನ ಎಡಗೈಗೆ ಪೆಟ್ಟಾಗಿದೆ. ಕೋವಿಯಲ್ಲಿದ್ದ ಕಾಡತೂಸು ಅಂಗಡಿಯದ್ದಲ್ಲ, ನಮ್ಮ ಮನೆಯ ನೆಲಮಾಳಿಗೆಯಲ್ಲಿ ಮದ್ದು ತುಂಬಿ ತಯಾರಿಸಿದ್ದು. ಆ ಮದ್ದನ್ನು ತೂಗಿದ್ದು ನಮ್ಮ ಬೇಟೆ ತಂಡದ ನಾಯಕಿ ಮೆರೆಟೆ ನೂರ್‌ಗೋರ್ಡ್ ಎಂಬವಳು, ಅವಳದೇ ಡಿಜಿಟಲ್ ತಕ್ಕಡಿಯಲ್ಲಿ. ತಕ್ಕಡಿ ತಪ್ಪು ತೋರಿಸಿದ್ದರಿಂದ ಮದ್ದು ಹೆಚ್ಚಾಯಿತು ಎಂದು ಗಂಡ ಆಸ್ಪತ್ರೆಯಲ್ಲಿ ಹೇಳಿಕೆ ಕೊಟ್ಟಿದ್ದಾನೆ. ಅದರ ಮೇಲೆ ಮೆರೆಟೆಯ ಎರಡು ಕೋವಿಗಳನ್ನೂ ಪರವಾನಗಿಯನ್ನೂ ಠಾಣೆಯವರು ವಶಕ್ಕೆ ತೆಗೆದುಕೊಂಡಿದ್ದಾರೆ. ಮೂಸ್ ಜಿಂಕೆಯ ಬೇಟೆ ಇದೇ 25ಕ್ಕೆ ಶುರುವಾಗುತ್ತದೆ. ಓಸ್ಲೋದ ಪ್ರಯೋಗಾಲಯದಿಂದ ವರದಿ ಬರುವಷ್ಟರಲ್ಲಿ ಬೇಟೆಯೂ ಮುಗಿದಿರುತ್ತದೆ, ಊರಿನಲ್ಲಿ ಅವಳ ಹೆಸರೂ ಮುಗಿದಿರುತ್ತದೆ. ಅದಕ್ಕಾಗಿ ಇವತ್ತೇ ಬಂದೆ.

ಹೇಳಿಕೆ ಬರೆದುಕೊಳ್ಳುತ್ತಿರುವ ಸಿಂದ್ರೆಯನ್ನು ಒಂದನೇ ತರಗತಿಯಿಂದ ನನ್ನದೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೇನೆ. ತಿರುವಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ. ಅದೆಲ್ಲ ಕೇಸಿಗೆ ಬೇಡ ಗುನ್‌ವೋರ್ ಎಂದು ಈಗ ಹೇಳುತ್ತಿದ್ದಾನೆ. ಹೇಳಿದ್ದೆಲ್ಲ ಬರೀಬೇಕು ಅಂತ ಕಾನೂನು ಇದ್ದರೆ ಅದನ್ನೂ ಬರಿ ಎಂದೆ.

ನಮ್ಮ ಮದುವೆ 1984ರಲ್ಲಿ ಆಯಿತು. ಆ ವರ್ಷವೇ ನನ್ನ ತಂದೆ ಒಂದು ದಂಡದ ತಕ್ಕಡಿ ಕೊಟ್ಟರು. ಒಂದು ಕಡೆ ಚಿಕ್ಕ ತಟ್ಟೆ, ಇನ್ನೊಂದು ಕಡೆ ಗೆರೆ ಕೊರೆದ ದಂಡ, ದಂಡದ ಮೇಲೆ ಸರಿಯುವ ತೂಕದ ಬಟ್ಟು. ಪ್ರತಿ ವರ್ಷ ಬೇಟೆಗೆ ಮೊದಲು ನಾವಿಬ್ಬರೂ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆವು. ಓಡ್ವಾರ್ ಚಮಚದಿಂದ ತಟ್ಟೆಗೆ ಮದ್ದನ್ನು ಕಾಳುಕಾಳಾಗಿ ಉದುರಿಸುತ್ತಿದ್ದ. ನಾನು ಗಲ್ಲವನ್ನು ಮೇಜಿಗೆ ಊರಿ, ದಂಡದ ತುದಿ ಗೆರೆಗೆ ಸಮ ಬರುವುದನ್ನೇ ನೋಡುತ್ತಿದ್ದೆ. ನಾಯಿ ಬಾಲ ಆಡಿಸಿದರೂ ದಂಡ ಅಲುಗುತ್ತದೆ. ಆದ್ದರಿಂದ ನಾಯಿ ಹೊರಗೆ, ಕಿಟಕಿ ಮುಚ್ಚಿ, ಇಬ್ಬರೂ ಉಸಿರು ಬಿಗಿಹಿಡಿದು. ನಾನು ಸಾಕು ಎಂದರೆ ಅವನು ಆ ಕ್ಷಣಕ್ಕೆ ಕೈ ನಿಲ್ಲಿಸುತ್ತಿದ್ದ. ನಮ್ಮ ಸಂಸಾರದಲ್ಲಿ ನನ್ನ ಮಾತು ಒಂದೇ ಸಲಕ್ಕೆ ನಡೆಯುತ್ತಿದ್ದ ಜಾಗ ಅದು.

ಮೆರೆಟೆ ಟ್ರೊಂಡ್‌ಹೈಮ್‌ನಿಂದ ಬಂದು ನಾಲ್ಕು ವರ್ಷವಾಯಿತು. ಜಮೀನು ಅಳತೆಯ ಕೆಲಸ. ವಯಸ್ಸು 49, ಒಬ್ಬಳೇ ಇರುತ್ತಾಳೆ. ಜೋರಾಗಿ ನಗುತ್ತಾಳೆ. ಕಳೆದ ವರ್ಷ ತಂಡದವರು ಅವಳನ್ನೇ ನಾಯಕಿ ಮಾಡಿದರು. ಅವಳ ಬಾಡಿಗೆ ಮನೆಯಲ್ಲಿ ತೇವ ಹೆಚ್ಚು, ಮದ್ದು ಇಡುವುದಕ್ಕೆ ಆಗುವುದಿಲ್ಲ ಎಂದು ಓಡ್ವಾರ್ ಅವಳ ಸಾಮಾನನ್ನು ನಮ್ಮ ನೆಲಮಾಳಿಗೆಗೆ ತರಿಸಿದ. ನನ್ನನ್ನು ಕೇಳಿದ. ನಾನು ಹೂಂ ಎಂದೆ. ಆಮೇಲೆ ಪ್ರತಿ ಮಂಗಳವಾರ, ಗುರುವಾರ ಅವಳ ಬೂಟು ನಮ್ಮ ಬಾಗಿಲ ಚಾಪೆಯ ಮೇಲೆ.

ಡಿಜಿಟಲ್ ತಕ್ಕಡಿ ಬಂದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನನ್ನನ್ನೂ ಕರೆದರು. ಅವಳ ತಕ್ಕಡಿಗೆ ಕರೆಂಟು ಕೊಟ್ಟು ಬಹಳ ಹೊತ್ತು ಬಿಡಬೇಕು, ಇಲ್ಲದಿದ್ದರೆ ಅಂಕಿ ನಿಲ್ಲುವುದಿಲ್ಲ. ಮೊಬೈಲನ್ನು ಹತ್ತಿರ ತಂದರೆ ಅಂಕಿ ಕುಣಿಯುತ್ತದೆ. ನಮ್ಮ ಮಾವನೂ ಹೀಗೇ, ಬೆಳಿಗ್ಗೆ ಒಲೆ ಹತ್ತಿರ ಒಂದು ಗಂಟೆ ಕೂತು ಬಿಸಿಯಾದ್ಮೇಲೇ ಮಾತಾಡೋರು ಎಂದು ನಾನು ಹಂಗಿಸಿದೆ. ಮೆರೆಟೆ ನಕ್ಕಳು. ಓಡ್ವಾರ್ ನಗಲಿಲ್ಲ. ನಿನ್ನ ದಂಡ ನಿಲ್ಲೋದಕ್ಕೂ ಕಾಯ್ಬೇಕಲ್ಲೇ, ಮೇಲಾಗಿ ಈಗ ನಿನ್ನ ಕಣ್ಣಿಗೂ ಕನ್ನಡಕ ಬಂದಿದೆ, ಇದಾದ್ರೆ ಅಂಕಿ ಅದೇ ಹೇಳುತ್ತೆ, ಯಾರೂ ಬಗ್ಗಿ ನೋಡೋದು ಬೇಡ ಎಂದ. ಮೆರೆಟೆ ನನ್ನ ಭುಜದ ಮೇಲೆ ಕೈಯಿಟ್ಟು, ಗುನ್‌ವೋರ್, ಇನ್ನು ನಿನ್ನ ಕತ್ತಿಗೆ ರಜಾ, ಮೇಲೆ ಹೋಗಿ ಆರಾಮಾಗಿ ಟಿವಿ ನೋಡು ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅದನ್ನೇ ನನಗೆ ತಡೆಯಲಾಗಲಿಲ್ಲ.

ಅವತ್ತೇ ದಂಡದ ತಕ್ಕಡಿ ಅಟ್ಟದ ಮೇಲೆ ದೋಸೆ ಕಾವಲಿಯ ಹಿಂದೆ ಹೋಯಿತು. ನಾನು ಟಿವಿ ಹಾಕಿಕೊಂಡು ಕೂರುತ್ತಿದ್ದೆ, ಧ್ವನಿ ಮಾತ್ರ ಕಡಿಮೆ ಇಡುತ್ತಿದ್ದೆ. ನೆಲದ ಹಲಗೆ ಸಂದಿಯಿಂದ ಅವರ ನಗು ಮೇಲೆ ಬರುತ್ತಿತ್ತು. ಕಾಫಿ ತೆಗೆದುಕೊಂಡು ಸದ್ದಿಲ್ಲದೆ ಕೆಳಗೆ ಇಳಿದು ನೋಡಿದ್ದೂ ಉಂಟು. ಇಬ್ಬರೂ ಮೇಜಿನ ಆಚೆ ಈಚೆ ಕೂತು ಗುಂಡಿನ ಉದ್ದದ ಬಗ್ಗೆ ವಾದ ಮಾಡುತ್ತಿದ್ದರು, ಅಷ್ಟೇ. ಬೇರೆ ಸಂಬಂಧ ಏನಾದರೂ ಇತ್ತೇ ಎಂದು ಸಿಂದ್ರೆ ನೆಲ ನೋಡಿಕೊಂಡು ಕೇಳಿದ. ಇರಲಿಲ್ಲ. ಇದ್ದಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಗಂಡ ಇನ್ನೊಬ್ಬಳ ಜೊತೆ ಮದ್ದು ತೂಗುತ್ತಾನೆ ಎಂದು ಯಾರ ಹತ್ತಿರ ಹೋಗಿ ಅಳಲಿ?

ಹಾಗಾದರೆ ನಿಮಗೆ ಅಸಮಾಧಾನ ಇತ್ತು ಎಂದು ಬರೆಯಲೇ ಎಂದು ಸಿಂದ್ರೆ ಕೇಳಿದ. ಅಸಮಾಧಾನ ಅಲ್ಲ ಕಣಪ್ಪ, ಹೊಟ್ಟೆಕಿಚ್ಚು, ಹಾಗೇ ಬರ್ಕೋ ಎಂದೆ. ಬರೆದುಕೊಂಡಿದ್ದಾನೆ.

ದಿನಾಂಕ 5-9-2019ರ ಗುರುವಾರ ಸಂಜೆ 6 ಗಂಟೆಗೆ ಮೆರೆಟೆ ಬಂದಳು. ಅವಳು ತೂಗಿದಳು, ಓಡ್ವಾರ್ ಕಾಡತೂಸಿನ ಖಾಲಿ ಕೊಳವೆಗಳಿಗೆ ಸುರಿದ. ಇಪ್ಪತ್ತು ಕೊಳವೆಗೂ ಮದ್ದು ತುಂಬಿ ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿದ್ದಾಯಿತು, ಗುಂಡು ಕೂರಿಸುವುದು ಬಾಕಿ ಇತ್ತು. ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ಹೆದ್ದಾರಿಯಲ್ಲಿ ಕಾರು ಬಡಿದು ಮೂಸ್ ಮರಿಯೊಂದು ಕಾಡಿಗೆ ನುಗ್ಗಿದೆ, ಹುಡುಕಿ ನರಳದಂತೆ ಮುಗಿಸಬೇಕು ಎಂದು. ಇಬ್ಬರೂ ನಾಯಿ ಕರೆದುಕೊಂಡು ಅವಳ ಕಾರಿನಲ್ಲೇ ಹೊರಟರು. ಕೊಳವೆಗಳ ಮೇಲೆ ಬಟ್ಟೆ ಮುಚ್ಚಿದೆ, ಮುಟ್ಟಬೇಡ ಎಂದು ಓಡ್ವಾರ್ ಮೆಟ್ಟಿಲಿನಿಂದ ಕೂಗಿ ಹೇಳಿದ. ಮೂವತ್ತೈದು ವರ್ಷ ಜೊತೆಗೆ ಕೂತವಳಿಗೆ ಮುಟ್ಟಬೇಡ ಎಂದ.

ನಾನು ಮುಟ್ಟಿದೆ. ಅಟ್ಟದಿಂದ ದಂಡದ ತಕ್ಕಡಿಯನ್ನು ಇಳಿಸಿ ಕೆಳಗೆ ಒಯ್ದೆ. ಕಾಲಿನ ತಿರುಪು ತಿರುಗಿಸಿ ಸಮ ಮಾಡಿದೆ. ಡಬ್ಬಿಯಲ್ಲಿದ್ದ ಪರೀಕ್ಷೆಯ ಬಟ್ಟು ಇಟ್ಟು ಸರಿ ಇದೆಯೇ ನೋಡಿದೆ, ಸರಿ ಇತ್ತು. ಒಂದೊಂದೇ ಕೊಳವೆಯ ಮದ್ದನ್ನು ತಟ್ಟೆಗೆ ಸುರಿದು ತೂಗಿ, ಅದನ್ನು ಅದೇ ಕೊಳವೆಗೆ ವಾಪಸು ಹಾಕಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿದೆ. ಎರಡು ಕೊಳವೆ ಒಮ್ಮೆಯೂ ಒಟ್ಟಿಗೆ ಖಾಲಿ ಇರಲಿಲ್ಲ. ಡಿಜಿಟಲ್ ತಪ್ಪಿರಲಿ ಎಂದೇ ತೂಗಿದೆ. ಒಂದೇ ಒಂದು ತಪ್ಪಾದರೂ ಸಾಕಿತ್ತು. ಅದನ್ನು ಮೇಜಿನ ಮೇಲೆ ಇಟ್ಟು, ಇಬ್ಬರೂ ಬಂದ ಮೇಲೆ ನೋಡಿ ಇಲ್ಲಿ ಎಂದು ತೋರಿಸಬಹುದಿತ್ತು. ಏನು ಹೇಳಬೇಕೆಂಬ ಮಾತನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಒಂದೂ ತಪ್ಪಿರಲಿಲ್ಲ. ಇಪ್ಪತ್ತಕ್ಕೆ ಇಪ್ಪತ್ತೂ ದಂಡ ಗೆರೆಗೆ ಬಂದು ನಿಂತಿತು. ಅವಳ ತಕ್ಕಡಿ ನನ್ನ ತಕ್ಕಡಿಯಷ್ಟೇ ಸರಿ ಇತ್ತು, ಕತ್ತು ಬಗ್ಗಿಸುವ ಕೆಲಸವೂ ಇರಲಿಲ್ಲ. ಮೊದಲಿನಂತೆ ಬಟ್ಟೆ ಮುಚ್ಚಿ ಮೇಲೆ ಬಂದು ತಕ್ಕಡಿಯನ್ನು ಮತ್ತೆ ಅಟ್ಟಕ್ಕೆ ಹಾಕಿದೆ. ಸ್ವಲ್ಪ ಅತ್ತೆ.

ನೀವೇ ಕೈ ಹಾಕಿದಾಗ ಹೆಚ್ಚು ಕಡಿಮೆ ಆಗಿರಬಹುದಲ್ಲ ಎಂದು ಸಿಂದ್ರೆ ಕೇಳಿದ. ಈ ಪ್ರಶ್ನೆ ಬರುತ್ತದೆ, ಇದರಿಂದ ಅನುಮಾನ ನನ್ನ ಕಡೆಗೂ ತಿರುಗುತ್ತದೆ ಎಂದು ಗೊತ್ತಿದ್ದೇ ಬಂದಿದ್ದೇನೆ. ಅವರು 9 ಗಂಟೆಗೆ ವಾಪಸು ಬಂದರು. ಓಡ್ವಾರ್ ಯಾವಾಗಲೂ ಮಾಡುವಂತೆ ಟಾರ್ಚ್ ಹಿಡಿದು ಪ್ರತಿ ಕೊಳವೆಯ ಒಳಗೂ ನೋಡಿದ, ಮದ್ದಿನ ಮಟ್ಟ ಎಲ್ಲದರಲ್ಲೂ ಒಂದೇ ಎಂದ. ನಾನು ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಗುಂಡು ಕೂರಿಸಿ ಪೆಟ್ಟಿಗೆಗೆ ಹಾಕಿದರು. ಉಳಿದ ಹತ್ತೊಂಬತ್ತು ಠಾಣೆಯಲ್ಲೇ ಇವೆ, ಬಿಚ್ಚಿ ತೂಗಿಸಿ ನೋಡಿ. ಯಾವ ತಕ್ಕಡಿಯಲ್ಲಾದರೂ ತೂಗಿ.

ಮದ್ದು ಸರಿ ಇದ್ದರೆ ನಳಿಗೆ ಯಾಕೆ ಸಿಡಿಯಿತು ಎಂಬುದಕ್ಕೆ ನನಗೆ ತಿಳಿದದ್ದು ಇಷ್ಟು. ಆಗಸ್ಟ್ ಪೂರ್ತಿ ಮಳೆ. ಓಡ್ವಾರ್ ಕೋವಿಯನ್ನು ಒರೆಸಿ ಇಡುವಾಗ ತೇವ ಒಳಗೆ ಹೋಗದಿರಲಿ ಎಂದು ಎಣ್ಣೆ ಹಚ್ಚಿದ ಬಟ್ಟೆ ಚೂರನ್ನು ನಳಿಗೆಯ ಬಾಯಿಂದ ಕಡ್ಡಿಯಲ್ಲಿ ಒಳಕ್ಕೆ ತುರುಕುತ್ತಾನೆ. ಹೊರಡುವ ದಿನ ಅದನ್ನು ಕಡ್ಡಿಯಿಂದಲೇ ತಳ್ಳಿ ತೆಗೆದು ಒಲೆಗೆ ಹಾಕುತ್ತಾನೆ. ಶನಿವಾರ ಬೆಳಿಗ್ಗೆ 9 ಗಂಟೆಗೆ ಮೆರೆಟೆ ಅಂಗಳದಲ್ಲಿ ಹಾರ್ನ್ ಹೊಡೆದಳು. ಅವನು ಇನ್ನೂ ಬ್ರೆಡ್ಡಿಗೆ ಚೀಸ್ ಹೆರೆದುಕೊಳ್ಳುತ್ತಿದ್ದ. ಬಂದೆ ಬಂದೆ ಎನ್ನುತ್ತ ಬ್ರೆಡ್ಡನ್ನು ಬಾಯಲ್ಲಿ ಕಚ್ಚಿಕೊಂಡೇ ಕೋವಿ ಎತ್ತಿಕೊಂಡು ಓಡಿದ, ಹದಿನೆಂಟು ವರ್ಷದವನ ಹಾಗೆ. ನಾನು ಕರೆದರೆ ಅವನು ಹಾಗೆ ಓಡಿ ಬಂದದ್ದಿಲ್ಲ. ಕಡ್ಡಿ ಮೊಳೆಯಲ್ಲಿ ನೇತಾಡುತ್ತಿದ್ದದ್ದನ್ನು ನಾನು ನೋಡಿದೆ, ಆದರೆ ಕಿಟಕಿಯಿಂದ ಅವಳನ್ನು ನೋಡುವುದರಲ್ಲಿ ಅದು ತಲೆಗೆ ಹೋಗಲಿಲ್ಲ.

ಬೆಳಿಗ್ಗೆ 10.20ಕ್ಕೆ ಮೆರೆಟೆ ಫೋನ್ ಮಾಡಿದಳು. ಮೊದಲನೇ ಗುಂಡಿಗೇ ನಳಿಗೆ ಸೀಳಿದೆ, ಬೆರಳುಗಳು ಇವೆ, ಎಲ್ಲವೂ ಇವೆ, ನಾನೇ ಎಲ್ವೆರುಮ್ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ, ನೀನು ನಿಧಾನಕ್ಕೆ ಗಾಡಿ ಓಡಿಸ್ಕೊಂಡು ಬಾ ಎಂದಳು. ಮದ್ದು ಹೆಚ್ಚಾದರೆ ಪೆಟ್ಟು ಹಿಂದುಗಡೆ, ಕಾಡತೂಸು ಕೂರಿಸಿ ಮುಚ್ಚುವ ಬೋಲ್ಟಿನ ಕಡೆ ಬೀಳಬೇಕು. ಇದು ಮುಂದೆ ಸೀಳಿದೆ, ಬೋಲ್ಟ್ ಕೈಯಲ್ಲೇ ಸಲೀಸಾಗಿ ತೆರೆದುಕೊಂಡಿತು ಎಂದು ಮೈದಾನದಲ್ಲಿದ್ದವರೇ ಹೇಳುತ್ತಾರೆ. ಭಾನುವಾರ ಒಲೆಯ ಬೂದಿಯನ್ನೂ ಕಸದ ಬುಟ್ಟಿಯನ್ನೂ ಕೆದಕಿ ನೋಡಿದೆ. ಬಟ್ಟೆ ಚೂರು ಎಲ್ಲಿಯೂ ಇಲ್ಲ. ನಳಿಗೆಯಲ್ಲೇ ಉಳಿದು ಗುಂಡಿಗೆ ಅಡ್ಡವಾಗಿರಬೇಕು. ಅದು ನನ್ನ ಹಳೆಯ ನೈಟಿಯಿಂದ ಕತ್ತರಿಸಿದ್ದು, ನೀಲಿ ಫ್ಲಾನೆಲ್, ಬಿಳಿ ಚುಕ್ಕಿ. ಸೀಳಿದ ನಳಿಗೆಯಲ್ಲಿ ಹುಡುಕಿದರೆ ನೀಲಿ ಎಳೆ ಸಿಗಬಹುದು. ನೈಟಿಯ ಉಳಿದ ಭಾಗವನ್ನು ಚೀಲದಲ್ಲಿ ಹಾಕಿ ತಂದು ಒಪ್ಪಿಸಿದ್ದೇನೆ.

ಶನಿವಾರವೇ ಯಾಕೆ ಹೇಳಲಿಲ್ಲ ಎಂದರೆ, ಆಸ್ಪತ್ರೆಯ ಹಾಸಿಗೆಯಲ್ಲಿ ಓಡ್ವಾರ್ ನನ್ನ ತೋಳು ಹಿಡಿದುಕೊಂಡು, ಆ ಕರೆಂಟು ಡಬ್ಬಿ ಮೋಸ ಮಾಡ್ತು ಗುನ್‌ವೋರ್, ಹಳೇದನ್ನ ಕೆಳಗಿಳಿಸು, ಇನ್ಮೇಲೆ ನೀನೇ ನೋಡ್ಬೇಕು, ನಿನ್ನ ಕಣ್ಣು ಇದ್ದಿದ್ರೆ ಇದೆಲ್ಲ ಆಗ್ತಾನೇ ಇರ್ಲಿಲ್ಲ ಎಂದ. ಭಾನುವಾರ ಸಂಜೆ ಮನೆಗೆ ಬಂದವನೇ ತಕ್ಕಡಿಯನ್ನು ಮೇಜಿನ ಮೇಲೆ ಇಡಿಸಿ, ಒಂದೇ ಕೈಯಲ್ಲಿ ಅದರ ಧೂಳು ಒರೆಸಿದ. ಅವತ್ತೂ ಸೋಮವಾರವೂ ಅದರ ಎದುರು ಕೂತು ಹಳೆಯ ಬೇಟೆಗಳ ಮಾತಾಡಿದೆವು. ದೋಸೆ ಮಾಡಿದೆ, ನಾಲ್ಕು ತಿಂದ. ಇಷ್ಟು ಸಂತೋಷ ನನಗೆ ಒಂದು ವರ್ಷದಿಂದ ಆಗಿರಲಿಲ್ಲ. ಬಟ್ಟೆ ಚೂರಿನ ವಿಷಯ ಅವನಿಗೆ ನೆನಪಿದೆಯೋ ಇಲ್ಲವೋ ನಾನು ಕೇಳಲಿಲ್ಲ. ಕೇಳಿದ್ದರೆ ತಕ್ಕಡಿ ಮತ್ತೆ ಅಟ್ಟ ಹತ್ತುತ್ತಿತ್ತು.

ನಿನ್ನೆ ಮಂಗಳವಾರ ಮಧ್ಯಾಹ್ನ ಓಡ್ವಾರ್ ಮಲಗಿದ್ದಾಗ ಮೆರೆಟೆ ಬಂದಳು. ಒಳಗೆ ಕರೆದರೂ ಬರಲಿಲ್ಲ. ತಂಡದವರು ಗುರುವಾರ ಸಭೆ ಸೇರಿ ತನ್ನನ್ನು ತೆಗೆಯುತ್ತಾರೆ, ಅದು ನ್ಯಾಯವೇ ಎಂದಳು. ತೂಗುವಾಗ ಮೊಬೈಲ್ ಪಕ್ಕದಲ್ಲೇ ಇಟ್ಕೊಂಡ್ಬಿಟ್ಟಿದ್ದೆ ಗುನ್‌ವೋರ್, ಅಂಕಿ ಜಾರಿದ್ದನ್ನ ನೋಡ್ಲೇ ಇಲ್ಲ ಅನ್ಸುತ್ತೆ, ಅವನ ಕೈ ಕಣ್ಮುಂದೆ ಬಂದು ನಿದ್ದೆನೇ ಬರ್ತಿಲ್ಲ, ನೀನು ಬೈಯೋದಿದ್ರೆ ಬೈದ್ಬಿಡು ಎಂದಳು. ಮುಖ ಊದಿಕೊಂಡಿತ್ತು. ನಗು ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಅವಳು ಹೀಗೆ ನಿಲ್ಲುವುದನ್ನು ನೋಡಬೇಕೆಂದು ನಾನು ಎಷ್ಟೋ ಸಂಜೆ ಬಯಸಿದ್ದೆ. ನೋಡಿದಾಗ ಹಿಡಿಸಲಿಲ್ಲ. ಆದರೂ ಆಗಲೂ ಬಾಯಿ ಬಿಡಲಿಲ್ಲ. ಮಾಡದ ತಪ್ಪನ್ನು ಹೊತ್ತುಕೊಂಡೇ ಅವಳು ಗೇಟು ದಾಟಿದಳು.

ಈ ದಿನ ಗಂಡನೂ ನನ್ನ ಜೊತೆ ಬಂದಿದ್ದಾನೆ, ಹೊರಗೆ ಕಾರಿನಲ್ಲಿ ಕುಳಿತಿದ್ದಾನೆ. ಡಿಜಿಟಲ್ ತಕ್ಕಡಿಯ ಅಂಕಿ ಯಾವಾಗಲೂ ಕುಣಿಯುತ್ತಿತ್ತು ಎಂದು ಹೇಳುವುದಕ್ಕೇ ನಾನು ಬಂದಿದ್ದೇನೆ ಎಂದು ತಿಳಿದಿದ್ದಾನೆ. ನಾನು ಹಾಗಲ್ಲ ಎನ್ನಲಿಲ್ಲ. ಬರುವ ದಾರಿಯಲ್ಲಿ, ಈ ಶುಕ್ರವಾರ ಟಾಕೊ ತಿಂದಾದ್ಮೇಲೆ ಇಬ್ರೂ ಕೂತು ಶುರು ಮಾಡೋಣ, ನನಗಂತೂ ಒಂದೇ ಕೈ, ನೀನೇ ಉದುರಿಸ್ಬೇಕು ನೀನೇ ನೋಡ್ಬೇಕು ಎಂದು ಹೇಳಿ ನನ್ನ ಮೊಣಕಾಲು ತಟ್ಟಿದ. ಅವನನ್ನು ಒಳಗೆ ಕರೆಸಿ ಇದನ್ನೆಲ್ಲ ತಿಳಿಸಲೇ ಎಂದು ಸಿಂದ್ರೆ ಕೇಳಿದ. ಬೇಡ, ಮನೆಗೆ 34 ಕಿಲೋಮೀಟರ್ ಇದೆ, ನಾನೇ ಹೇಳುತ್ತೇನೆ ಎಂದೆ.

ಬರೆದದ್ದನ್ನು ಸಿಂದ್ರೆ ನನಗೆ ಪೂರ್ತಿ ಓದಿ ಹೇಳಿದ್ದಾನೆ. ಹೊಟ್ಟೆಕಿಚ್ಚಿನ ಮಾತನ್ನು ಬೇಕಾದರೆ ಹೊಡೆದುಹಾಕುತ್ತೇನೆ ಎಂದ, ಇರಲಿ ಎಂದೆ. ಮೆರೆಟೆಯನ್ನು ಕಂಡರೆ ನನಗೆ ಆಗುವುದಿಲ್ಲ, ಇದು ನಿಜ. ಅವಳು ತೂಗಿದ್ದು ಸರಿ ಇತ್ತು, ಇದೂ ನಿಜ. ಯಾರ ಒತ್ತಾಯವೂ ಇಲ್ಲದೆ ಎರಡಕ್ಕೂ ಸೇರಿಸಿ ಒಂದೇ ಸಹಿ ಹಾಕಿದ್ದೇನೆ.

ಸ್ಥಳ: ಓಸ್ಟರ್‌ಡಾಲ್ ವಲಯ ಪೊಲೀಸ್ ಠಾಣೆ
ದಿನಾಂಕ: 11-9-2019, ಬುಧವಾರ

(ಸಹಿ) ಗುನ್‌ವೋರ್ ಬ್ರೆನ್ನಾ

ನನ್ನ ಸಮಕ್ಷಮ ಹೇಳಿದ್ದನ್ನು ಬರೆದುಕೊಂಡಿದ್ದೇನೆ
(ಸಹಿ) ಸಿಂದ್ರೆ ಮೋಯೆನ್